ಹೊಸದರ ಹಾಗೆ ಆದ ರಿವಾಲ್ವರ್

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷ ಹಳೆಯ ಒಂದು ಫೋಟೋ ಇದೆ. ಮಲೆನಾಡಿನ ಸಣ್ಣ ವಸ್ತುಸಂಗ್ರಹಾಲಯವೊಂದರಲ್ಲಿ, ಗಾಜಿನ ಪೆಟ್ಟಿಗೆಯ ಹೊರಗಿನಿಂದ, ಮೊಬೈಲಿನಲ್ಲಿ ತೆಗೆದದ್ದು. ಟ್ಯೂಬ್‌ಲೈಟಿನ ಪ್ರತಿಫಲನ ಅರ್ಧ ಚಿತ್ರವನ್ನು ನುಂಗಿದೆ. ಉಳಿದರ್ಧದಲ್ಲಿ ಒಂದು ರಿವಾಲ್ವರ್ ಕಾಣುತ್ತದೆ. ನಳಿಕೆಯ ಮೇಲೆ ಕಾಫಿ ಪುಡಿ ಉದುರಿಸಿದಂತೆ ತುಕ್ಕು, ಹಿಡಿಯ ಹತ್ತಿರ ಬೂದು ಬಣ್ಣದ ಬೋಳು ಲೋಹ, ಚೌಕಟ್ಟಿನ ಮೇಲೆ ಒತ್ತಿದ ಎರಡು ಇಂಗ್ಲಿಷ್ ಪದಗಳ ನೆರಳು. ಮೊದಲ ಪದಕ್ಕೆ ಮೂರು ಅಕ್ಷರ. ಎರಡನೆಯದಕ್ಕೆ ಐದೋ ಆರೋ. ಓದಲು ಆಗುವುದಿಲ್ಲ. ಕೆಳಗೆ ಬಿಳಿ ಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ 'ಅಸಹಕಾರ ಚಳವಳಿಯ ಕಾಲದಲ್ಲಿ ಪೊಲೀಸ್ ಅಧಿಕಾರಿ ಬಳಸುತ್ತಿದ್ದ ಪಿಸ್ತೂಲು' ಎಂದಿದೆ. ತಿರುಗುವ ಗುಂಡಿನ ಮನೆ ಇರುವುದು ರಿವಾಲ್ವರ್, ಪಿಸ್ತೂಲಲ್ಲ. ಆದರೆ ನನಗೆ ಕುತೂಹಲ ಹುಟ್ಟಿದ್ದು ಅದರಿಂದಲ್ಲ, ಆ ಎರಡು ಪದಗಳಿಂದ.

ನನ್ನ ಪಿಎಚ್‌.ಡಿ. ವಿಷಯ ಎರಡನೇ ಮಹಾಯುದ್ಧ ಈ ಕಡೆಯ ಊರುಗಳಲ್ಲಿ ಬಿಟ್ಟುಹೋದ ವಸ್ತುಗಳು. ನನ್ನ ಊಹೆ ಸರಿಯಾಗಿದ್ದರೆ ಆ ರಿವಾಲ್ವರ್ ಅಸಹಕಾರ ಚಳವಳಿಯ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ. ಮಾರ್ಗದರ್ಶಕರ ಸಹಿ, ಅನುಮತಿ ಪತ್ರ, ಅದಕ್ಕೊಂದು ಜ್ಞಾಪನೆ, ಇವೆಲ್ಲ ಮುಗಿದು ಈ ವರ್ಷ ಮಳೆಗಾಲಕ್ಕೆ ಮುನ್ನ ಅಲ್ಲಿಗೆ ಹೋದೆ. ಅಲ್ಲಿನ ಸಿಬ್ಬಂದಿ, ನಿವೃತ್ತಿಗೆ ಹತ್ತಿರವಾದ ಹಿರಿಯರೊಬ್ಬರು, ಪೆಟ್ಟಿಗೆಯ ಬೀಗ ತೆಗೆದು, ಹಳದಿ ಬಟ್ಟೆಯ ಮೇಲೆ ಅದನ್ನು ಮಲಗಿಸಿದರು. ನಾನು ಒಂದು ಕ್ಷಣ ಬೇರೆ ವಸ್ತುವನ್ನು ತಂದರೇನೋ ಎಂದುಕೊಂಡೆ. ರಿವಾಲ್ವರ್ ಕಪ್ಪಗೆ, ನುಣ್ಣಗೆ, ಹೊಸ ಬೈಕಿನ ಟ್ಯಾಂಕಿನ ಹಾಗೆ ಹೊಳೆಯುತ್ತಿತ್ತು.

"ಹೇಗಿದೆ ಮೇಡಂ? ಹೊಸದರ ಹಾಗೆ ಆಗಿದೆ ಅಲ್ವಾ?" ಎಂದರು. ತುಕ್ಕು ಹಿಡಿದ ಕೋವಿ ಕತ್ತಿಗಳನ್ನು ನೋಡಿ ಬಂದವರೆಲ್ಲ ಬೈಯುತ್ತಿದ್ದರಂತೆ. ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಊರಿನ ಟಿಂಕರಿಂಗ್ ಅಂಗಡಿಯವನಿಗೆ ಹೇಳಿ, ಎಮರಿ ಪೇಪರಿನಿಂದ ತಿಕ್ಕಿಸಿ, ಡ್ಯೂಕೋ ಸ್ಪ್ರೇ ಹೊಡೆಸಿದ್ದಾರೆ. ಬಿಲ್ಲು ಪಾಸಾಗಲಿಲ್ಲ. ದುಡ್ಡು ಅವರದೇ ಕಿಸೆಯಿಂದ ಹೋಗಿದೆ.

ನನ್ನ ಮುಖ ನೋಡಿ ಅವರಿಗೆ ಏನೋ ಅರ್ಥವಾಯಿತು. "ಮತ್ತೇನು ಮಾಡಬೇಕಿತ್ತು ಮೇಡಂ? ತುಕ್ಕು ತಿನ್ನಲಿ ಅಂತ ಬಿಡಬೇಕಿತ್ತಾ?"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ಮೊದಲು ಅವರ ಪರವಾಗಿಯೇ ಯೋಚಿಸಬೇಕು. ಕಬ್ಬಿಣಕ್ಕೆ ಅಂಗಿ ತೊಡಿಸುವುದು ಮನುಷ್ಯ ಕಬ್ಬಿಣ ಕಂಡುಕೊಂಡಷ್ಟೇ ಹಳೆಯ ಕೆಲಸ. ನಮ್ಮ ಅಜ್ಜಿ ಹೊಸ ಕಾವಲಿ ತಂದರೆ ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಮತ್ತೆ ಕಾಯಿಸಿ ಪಳಗಿಸುತ್ತಿದ್ದರು. ಎಣ್ಣೆ ಕಾದು ಗಟ್ಟಿಯಾಗಿ ಕಪ್ಪು ಪದರವಾಗಿ ಕೂರುತ್ತದೆ. ಅದು ಒಂದು ಲೇಪವೇ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಬೀದಿಗೆ ಬಂದರೆ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಹತ್ತಿಯಿಂದ ತವರವನ್ನು ಒಳಗೆಲ್ಲ ಬಳಿಯುತ್ತಿದ್ದ. ವರ್ಷಕ್ಕೊಮ್ಮೆ ಹಳೆ ಕಲಾಯಿ ಹೋಗಿ ಹೊಸದು ಬರುತ್ತಿತ್ತು. ಅಯ್ಯೋ ಪಾತ್ರೆಯ ಇತಿಹಾಸ ಅಳಿಸಿತು ಎಂದು ಯಾರೂ ಗೋಳಾಡಲಿಲ್ಲ. ಗೋಳಾಡಿದ್ದರೆ ಹುಳಿ ಸಾರು ಹಿತ್ತಾಳೆ ಜೊತೆ ಸೇರಿ ಹೊಟ್ಟೆ ಕೆಡುತ್ತಿತ್ತು, ಅಷ್ಟೆ.

ಬಂದೂಕಿನ ಕಥೆಯೂ ಇದೇ. ಅದಕ್ಕೆ ಕಬ್ಬಿಣದ ಎಲ್ಲ ಶತ್ರುಗಳೂ ಒಟ್ಟಿಗೆ ಇವೆ: ಮಳೆ, ಬೆವರಿನ ಉಪ್ಪು, ಸುಟ್ಟ ಮದ್ದಿನ ಕಿಟ್ಟ. ಕಬ್ಬಿಣದ ಕೆಂಪು ತುಕ್ಕು ರಂಧ್ರಗಳಿಂದ ತುಂಬಿರುತ್ತದೆ. ಅದು ಉದುರುತ್ತದೆ, ಉದುರುವವರೆಗೆ ತೇವ ಹಿಡಿದಿಟ್ಟುಕೊಂಡು ಕೆಳಗಿನ ಲೋಹವನ್ನು ತಿನ್ನುತ್ತಲೇ ಇರುತ್ತದೆ. ತಾಮ್ರದ ಕಿಲುಬು ಒಂದು ಹಂತಕ್ಕೆ ಬಂದು ತಾನೇ ಕವಚವಾಗುವಂತೆ ಇದು ನಿಲ್ಲುವುದಿಲ್ಲ.

18ನೇ ಶತಮಾನದ ಬ್ರಿಟಿಷ್ ಸೈನ್ಯದ ಉತ್ತರ ಸರಳವಾಗಿತ್ತು. ಬಿಡದೆ ತಿಕ್ಕುವುದು. ಸಿಪಾಯಿಗಳು ಮಸ್ಕೆಟ್ಟಿನ ನಳಿಕೆಯನ್ನು ಇಟ್ಟಿಗೆ ಪುಡಿ ಹಾಕಿ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಬೇಕಿತ್ತು. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಹಾಗೆಯೇ, ಆದರೆ ವರ್ಷಪೂರ್ತಿ. ಉಜ್ಜಿ ಉಜ್ಜಿ ನಳಿಕೆಗಳೇ ತೆಳ್ಳಗಾದವು. ತುಕ್ಕು ತಿನ್ನಬೇಕಾದದ್ದನ್ನು ಇಟ್ಟಿಗೆ ಪುಡಿ ತಿಂದಿತು. ಕವಾಯತಿನ ಮೈದಾನದಲ್ಲಿ ಹೊಳಪು ಚೆಂದ. ಬಿಸಿಲಲ್ಲಿ ಅದೇ ಹೊಳಪು ಶತ್ರುವಿಗೆ ದೂರದಿಂದ ಗುರುತು ಕೊಡುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವನ್ನು ಓದಿದಾಗ ನನಗೆ ನಗು ಬಂತು. ತುಕ್ಕಿಗೆ ಔಷಧಿ ತುಕ್ಕೇ. ಉಜ್ಜಿ ಜಿಡ್ಡು ತೆಗೆದ ನಳಿಕೆಗೆ ಆಮ್ಲ ಬೆರೆಸಿದ ದ್ರಾವಣ ಹಚ್ಚಿ ತೇವದ ಕೋಣೆಯಲ್ಲಿ ಇಡುವುದು. ಬೇಕೆಂದೇ ತೆಳುವಾದ, ಸಮನಾದ ತುಕ್ಕು ಬರಿಸುವುದು. ಸಡಿಲವಾದ ಪುಡಿಯನ್ನು ತಂತಿಯ ಬ್ರಷ್ಷಿನಿಂದ ತೆಗೆದು ಮತ್ತೆ ಹಚ್ಚುವುದು. ಹಲವು ಸಲ ಹೀಗೆ ಮಾಡಿ ಕೊನೆಗೆ ಎಣ್ಣೆ ಕುಡಿಸಿದರೆ ಕಾಡುಮರದಂಥ ಕಂದು ಬಣ್ಣ ನಿಲ್ಲುತ್ತದೆ. ಬ್ರೌನಿಂಗ್ ಎಂದರೆ ಇದೇ. 1800ರ ಸುಮಾರಿಗೆ ಬಂದ ಬೇಕರ್ ರೈಫಲ್ಲಿನ ನಳಿಕೆಗಳಿಗೆ ಈ ಕಂದು ಬಣ್ಣವಿತ್ತು. ಮುಂದಿನ ದಶಕಗಳಲ್ಲಿ ಸಾಮಾನ್ಯ ಮಸ್ಕೆಟ್ಟಿಗೂ ಬಂತು. 'ಬ್ರೌನ್ ಬೆಸ್' ಎಂಬ ಆ ಮಸ್ಕೆಟ್ಟಿನ ಅಡ್ಡಹೆಸರು ಈ ಬಣ್ಣದಿಂದಲೇ ಹುಟ್ಟಿತೆಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಆದರೆ ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಆಡುಮಾತಿನ ನಿಘಂಟಿನಲ್ಲೇ ಆ ಹೆಸರಿದೆ. ನಳಿಕೆಗೆ ಕಂದು ಬಳಿಯುವುದು ರೂಢಿಯಾದದ್ದು ಅದರ ನಂತರ. ಹೆಸರು ಮೊದಲು ಬಂದು ಬಣ್ಣ ಆಮೇಲೆ ಬಂದಿದೆ.

ಇದೇ ಕೆಲಸದಲ್ಲಿ ಪ್ರತಿ ಸಲವೂ ನಳಿಕೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಕೆಂಪು ತುಕ್ಕು ಕಪ್ಪು ಮ್ಯಾಗ್ನಟೈಟ್ ಆಗಿ ಬದಲಾಗುತ್ತದೆ. ಇದೂ ಕಬ್ಬಿಣದ ಆಕ್ಸೈಡೇ, ಆದರೆ ಲೋಹವನ್ನು ಬಿಗಿಯಾಗಿ ಅಪ್ಪಿ ಕೂರುತ್ತದೆ. ಹತ್ತು ಹನ್ನೆರಡು ಸಲ ತುಕ್ಕು ಹಿಡಿಸಿ ಕುದಿಸಿದ ಮೇಲೆ ಸಿಗುವ ಆಳವಾದ ನೀಲಿಗಪ್ಪು ಒಳ್ಳೆಯ ಬೇಟೆ ಬಂದೂಕುಗಳ ಗುರುತಾಯಿತು. ಇಂಗ್ಲಿಷಿನಲ್ಲಿ ಇದು ಬ್ಲೂಯಿಂಗ್. ಬೆಂಕಿಯ ದಾರಿಯೂ ಇತ್ತು. ನಮ್ಮ ಕಮ್ಮಾರರಿಗೆ ಇದು ಹೊಸದಲ್ಲ. ಉಕ್ಕಿಗೆ ಹದ ಕೊಡುವಾಗ ಅವರು ಥರ್ಮಾಮೀಟರ್ ನೋಡುವುದಿಲ್ಲ, ಬಣ್ಣ ನೋಡುತ್ತಾರೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, 280ರ ಹತ್ತಿರ ನೇರಳೆ, 300ರ ಆಸುಪಾಸಿನಲ್ಲಿ ನವಿಲುಗತ್ತಿನ ನೀಲಿ. ಮೇಲ್ಮೈ ಮೇಲಿನ ಆಕ್ಸೈಡ್ ಪೊರೆ ದಪ್ಪವಾದಂತೆ ಬೆಳಕು ಅದರಲ್ಲಿ ಆಡುವ ರೀತಿ ಬದಲಾಗುತ್ತದೆ. 20ನೇ ಶತಮಾನದಲ್ಲಿ ಕಾರ್ಖಾನೆಗಳು ಇಷ್ಟು ತಾಳ್ಮೆ ಬೇಡವೆಂದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಕುದಿಯುವ ತೊಟ್ಟಿಗೆ ಇಳಿಸಿ ಕೆಲವೇ ನಿಮಿಷಗಳಲ್ಲಿ ಕಪ್ಪು ಮಾಡಿಬಿಟ್ಟವು.

ಬ್ಲೂಯಿಂಗ್ ಚೆಂದ, ಆದರೆ ದುರ್ಬಲ. ಎಣ್ಣೆ ಒರೆಸದೆ ಮಲೆನಾಡಿನ ಒಂದು ಆಷಾಢ ಕಳೆದರೆ ತುಕ್ಕು ಮರಳುತ್ತದೆ. ಮಹಾಯುದ್ಧದ ಕೆಸರಿನಲ್ಲಿ ಇದು ಸಾಲದಾಯಿತು. ಅಲ್ಲಿಗೆ ಬಂದದ್ದು ಫಾಸ್ಫೇಟ್.

ಬರ್ಮಿಂಗ್‌ಹ್ಯಾಮಿನ ಥಾಮಸ್ ವಾಟ್ಸ್ ಕಾಸ್ಲೆಟ್ 1906ರಲ್ಲಿ, ಕಬ್ಬಿಣವನ್ನು ಬಿಸಿ ಫಾಸ್ಫಾರಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿ ತುಕ್ಕು ತಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಹಕ್ಕು ಅಟ್ಲಾಂಟಿಕ್ ದಾಟಿ ಕ್ಲಾರ್ಕ್ ಪಾರ್ಕರ್ ಎಂಬಾತನ ಕೈಗೆ ಬಂತು. 1915ರಲ್ಲಿ ಪಾರ್ಕರ್ ರಸ್ಟ್ ಪ್ರೂಫ್ ಕಂಪನಿ ಹುಟ್ಟಿತು, ವಿಧಾನಕ್ಕೆ ಪಾರ್ಕರೈಸಿಂಗ್ ಎಂದು ಹೆಸರಾಯಿತು. ಮೊದಲ ಮಹಾಯುದ್ಧದ ಕೊನೆಗೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ರೈಫಲ್ಲುಗಳಿಗೆ ಈ ಬೂದು ಅಂಗಿ ಬಂತು. ಎರಡನೇ ಯುದ್ಧದಲ್ಲಿ ಅವರ ಕೋಲ್ಟ್ .45 ಪಿಸ್ತೂಲುಗಳಿಗೂ ಬಂತು. ಇಲ್ಲಿ ಲೋಹದ ಮೇಲೆ ಬಣ್ಣ ಬಳಿಯುವುದಿಲ್ಲ. ಲೋಹದ ಮೇಲ್ಮೈಯೇ ಕರಗಿ, ಅದರ ಮೇಲೆ ಫಾಸ್ಫೇಟಿನ ಸೂಕ್ಷ್ಮ ಹರಳುಗಳು ಪಾಚಿಯಂತೆ ಬೆಳೆಯುತ್ತವೆ. ಆ ಹರಳುಗಳ ಸಂದಿನಲ್ಲಿ ಎಣ್ಣೆ ನಿಲ್ಲುತ್ತದೆ. ನಿಜವಾದ ಕಾವಲು ಆ ಎಣ್ಣೆಯದ್ದು. ಹೊಳಪಿಲ್ಲ, ಅಂದವಿಲ್ಲ, ಕೆಲಸ ಮಾತ್ರ ಇದೆ. ಕಾರಿನ ತಗಡಿಗೆ ಪೇಂಟ್ ಹೊಡೆಯುವ ಮುನ್ನ ಕಾರ್ಖಾನೆಗಳು ಇಂದಿಗೂ ಫಾಸ್ಫೇಟ್ ಕೊಡುತ್ತವೆ.

ಇಲ್ಲೊಂದು ಅಡ್ಡಮಾತು. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಹೊರಗೆ ನಿಂತೂ ಪುಡಿಯಾಗಿಲ್ಲ. ಕಾನ್ಪುರ ಐಐಟಿಯ ಆರ್‌. ಬಾಲಸುಬ್ರಮಣಿಯಂ ಇದಕ್ಕೆ ಕಾರಣ ಹುಡುಕುತ್ತಾ ಮುಟ್ಟಿದ್ದೂ ರಂಜಕವನ್ನೇ. ಹಳೆಯ ಕುಲುಮೆಯ ಕಬ್ಬಿಣದಲ್ಲಿ ಉಳಿದುಕೊಂಡ ರಂಜಕ ಕಾಲಕ್ರಮೇಣ ಮೇಲ್ಮೈಯಲ್ಲಿ ತೆಳುವಾದ ಫಾಸ್ಫೇಟ್ ಪೊರೆ ಕಟ್ಟಿಕೊಳ್ಳುವಂತೆ ಮಾಡಿದೆ ಎಂಬುದು ಅವರ ವಿವರಣೆ. ಇದನ್ನೇ 'ನಮ್ಮವರಿಗೆ ಮೊದಲೇ ಗೊತ್ತಿತ್ತು' ಎಂಬ ವಾಟ್ಸಾಪ್ ಸಂದೇಶವಾಗಿಸಬೇಡಿ. ಅಲ್ಲಿನ ಕುಶಲಿಗಳಿಗೆ ತಮ್ಮ ಕಬ್ಬಿಣದ ಗುಣ ಗೊತ್ತಿತ್ತು, ಹರಳಿನ ರಸಾಯನ ಗೊತ್ತಿತ್ತೆನ್ನಲು ಆಧಾರ ಇಲ್ಲ. ಆದರೂ ನಮ್ಮ ಕೊಡಚಾದ್ರಿಯ ಮೇಲೆ, ಆ ಮಳೆಯಲ್ಲಿ ನಿಂತಿರುವ ಕಬ್ಬಿಣದ ಕಂಬವನ್ನು ಮುಟ್ಟಿ ನೋಡಿದಾಗ, ಪಾರ್ಕರನ ಪೇಟೆಂಟಿಗಿಂತ ಅದೇ ನನಗೆ ದೊಡ್ಡ ಸಂಗತಿ ಅನ್ನಿಸಿತ್ತು.

ಈಗ ನನ್ನ ರಿವಾಲ್ವರಿಗೆ ಬರುತ್ತೇನೆ. ಆಕಾರ ನೋಡಿದರೆ ಅದು ವೆಬ್ಲಿ. ನಳಿಕೆಯನ್ನು ಮುಂದಕ್ಕೆ ಬಾಗಿಸಿ ತೆರೆಯುವ, ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .38 ಮಾರ್ಕ್ 4. ಕಾನ್ಪುರದಲ್ಲಿ ನಮ್ಮ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ಮಾಡಿದ .32 ರಿವಾಲ್ವರ್ ಇದರ ವಿನ್ಯಾಸದಿಂದಲೇ ಬಂದದ್ದು, ಆದ್ದರಿಂದ ಆಕಾರ ನಮ್ಮ ಕಣ್ಣಿಗೆ ಪರಿಚಿತ.

ಈ ಮಾರ್ಕ್ 4ರ ಹಿಂದೆ ಒಂದು ಅವಮಾನದ ಕಥೆಯಿದೆ. ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಸೈನ್ಯಕ್ಕೆ .455ಕ್ಕಿಂತ ಹಗುರವಾದ ರಿವಾಲ್ವರ್ ಬೇಕಾಯಿತು. ವೆಬ್ಲಿ ಕಂಪನಿ ತನ್ನ .38ನ್ನು ಒಪ್ಪಿಸಿತು. ಸರ್ಕಾರ ನೋಡಿತು, ಪರೀಕ್ಷಿಸಿತು. ಆಮೇಲೆ ಬಹುಪಾಲು ಅದರಂತೆಯೇ ಇರುವ ರಿವಾಲ್ವರನ್ನು ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಮಾಡಿಸಿ 1932ರಲ್ಲಿ ಅಂಗೀಕರಿಸಿತು. ವೆಬ್ಲಿ 2,250 ಪೌಂಡು ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋಗಿ ಸೋತಿತು. ಕೊನೆಗೆ ಸಂಶೋಧಕರಿಗೆ ಪುರಸ್ಕಾರ ನಿರ್ಧರಿಸುವ ರಾಯಲ್ ಕಮಿಷನ್ 1,250 ಪೌಂಡು ಕೊಡಿಸಿತು. ಇಷ್ಟಾದ ಮೇಲೆ ಎರಡನೇ ಮಹಾಯುದ್ಧ ಬಂತು, ಎನ್‌ಫೀಲ್ಡಿನ ಉತ್ಪಾದನೆ ಸಾಲದಾಯಿತು. ಸರ್ಕಾರ ಅದೇ ವೆಬ್ಲಿಯ ಬಾಗಿಲಿಗೆ ಬಂದು ಮಾರ್ಕ್ 4ನ್ನು ಸಾವಿರಗಟ್ಟಲೆ ಕೇಳಿತು.

ವೆಬ್ಲಿಯವರು ಶಾಂತಿಕಾಲದಲ್ಲಿ ತಮ್ಮ ರಿವಾಲ್ವರುಗಳನ್ನು ಕನ್ನಡಿಯಂತೆ ಪಾಲಿಷ್ ಮಾಡಿ ಆಳವಾದ ನೀಲಿ ಕೊಡುತ್ತಿದ್ದರು. ಪಾಲಿಷ್ ಎಂದರೆ ಕೈಕೆಲಸ, ಕೈಕೆಲಸವೆಂದರೆ ಸಮಯ. ಯುದ್ಧದಲ್ಲಿ ಅದಕ್ಕೆ ಸಮಯವೆಲ್ಲಿ? ಯಂತ್ರದ ಹಲ್ಲಿನ ಗುರುತುಗಳು ಹಾಗೆಯೇ ಉಳಿದ, ಮಂಕಾದ, ಒರಟು ರಿವಾಲ್ವರುಗಳು ಹೊರಬಂದವು. ಅವುಗಳ ಮೇಲೆ ಕಂಪನಿಯವರು ಎರಡು ಪದ ಒತ್ತಿದರು: ವಾರ್ ಫಿನಿಷ್. ಇದು ಯುದ್ಧಕಾಲದ ಮೆರುಗು, ಇದರಿಂದ ನಮ್ಮ ಕೈಗುಣವನ್ನು ಅಳೆಯಬೇಡಿ ಎಂದು ಮುಂದೆ ಯಾರ ಕೈಗೋ ಹೋಗುವ ಕಬ್ಬಿಣದ ಮೇಲೆ ಬರೆದಿಟ್ಟ ಕ್ಷಮಾಪಣೆ. ಸಭೆಯಲ್ಲಿ ಬಡಿಸುವಾಗ 'ಇವತ್ತು ಉಪ್ಪಿನಕಾಯಿ ಸರಿಯಾಗಿಲ್ಲ, ಮಾವು ಸಿಗಲಿಲ್ಲ' ಎಂದು ಮೊದಲೇ ಹೇಳಿಬಿಡುವ ಅಡಿಗೆಯವರ ಹಾಗೆ. ಕೊಲ್ಲುವ ಸಾಧನದ ಮೇಲೆ ಅದರ ಅಂದದ ಬಗ್ಗೆ ಸಂಕೋಚ! ನನ್ನ ಪ್ರಬಂಧದ ಒಂದು ಅಧ್ಯಾಯವೇ ಈ ಎರಡು ಪದಗಳ ಸುತ್ತ ಬೆಳೆದಿದೆ. ಯುದ್ಧ ಎಂದರೇನು ಎಂಬುದು ಇಲ್ಲಿ ಭಾಷಣದಲ್ಲಿ ಅಲ್ಲ, ಪಾಲಿಷ್ ಮಾಡದೆ ಬಿಟ್ಟ ಉಳಿಯ ಗೆರೆಗಳಲ್ಲಿ ಕಾಣುತ್ತದೆ.

ಯುದ್ಧ ಮುಗಿದ ಮೇಲೂ ಈ ಆಯುಧಗಳಿಗೆ ಅಂಗಿ ಬದಲಿಸುವುದು ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ಶಸ್ತ್ರಗಳನ್ನು ಕಾರ್ಖಾನೆಗೆ ತರಿಸಿ ಬಿಚ್ಚಿ, ಸವೆದ ಭಾಗ ಬದಲಿಸಿ, ಸಂಕೊರೈಟ್ ಎಂಬ ಕಪ್ಪು ಬಣ್ಣ ಬಳಿದು ಒಲೆಯಲ್ಲಿ ಬೇಯಿಸುತ್ತಿದ್ದರು. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯೂ ತನ್ನ ರೈಫಲ್ಲುಗಳಿಗೆ ಇಂಥದೇ ಕಪ್ಪು ಎನಾಮೆಲ್ ಕೊಟ್ಟಿತು. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಕಂಡ .303ಗಳಲ್ಲಿ ಎಷ್ಟೋ ರೈಫಲ್ಲುಗಳ ಕಪ್ಪು, ಬ್ಲೂಯಿಂಗ್ ಅಲ್ಲ, ಪೇಂಟ್. ಎಂದರೆ ನಮ್ಮ ಟಿಂಕರಿಂಗ್ ಅಂಗಡಿಯವನು ಮಾಡಿದ್ದನ್ನೇ ಸರ್ಕಾರಿ ಕಾರ್ಖಾನೆಗಳೂ ಮಾಡಿದ್ದವು! ಇದು ಗೊತ್ತಾದ ದಿನ ನಾನು ಆ ಹಿರಿಯರ ಮೇಲೆ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟು ಅರ್ಧ ಇಳಿಯಿತು.

ವ್ಯತ್ಯಾಸ ಒಂದಿತ್ತು. ಆ ಕಾರ್ಖಾನೆಗಳಲ್ಲಿ ದುರಸ್ತಿಯೂ ದಾಖಲೆಯೇ. ಬ್ರಿಟನ್ನಿನಲ್ಲಿ ಎಫ್‌.ಟಿ.ಆರ್‌., ಅಂದರೆ ಕಾರ್ಖಾನೆಯಲ್ಲಿ ಸಂಪೂರ್ಣ ದುರಸ್ತಿ ಎಂದು ಇಸವಿಯ ಸಮೇತ ಒತ್ತುತ್ತಿದ್ದರು. ಹಳೆಯ ಗುರುತುಗಳ ಪಕ್ಕದಲ್ಲಿ ಹೊಸ ಗುರುತು ಸೇರುತ್ತಿತ್ತು. ಡ್ಯೂಕೋ ಹೊಡೆದವನು ಏನನ್ನೂ ಒತ್ತಲಿಲ್ಲ.

ಇವತ್ತಿನ ಲೇಪಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ನನ್ನ ಕಾಲಮಾನ ಅದಲ್ಲ. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲಿನ ಉಕ್ಕಿಗೆ ಲವಣದ ಬಿಸಿ ತೊಟ್ಟಿಯಲ್ಲಿ ಸಾರಜನಕ ಮತ್ತು ಇಂಗಾಲವನ್ನು ಒಳಗೇ ಇಳಿಸಿದರು. ಅದು ಅಂಗಿಯಲ್ಲ, ಚರ್ಮ. ಅಮೆರಿಕದಲ್ಲಿ ಈಗ ಜನಪ್ರಿಯವಾಗಿರುವುದು ಸೆರಾಕೋಟ್. ಪಾಲಿಮರಿನಲ್ಲಿ ಸೆರಾಮಿಕ್ ಸೇರಿಸಿದ ದ್ರವವನ್ನು ಸ್ಪ್ರೇ ಮಾಡಿ, ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಿದರೆ, ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು ತೆಳುವಾದ, ಉಪ್ಪುನೀರಿಗೂ ಜಗ್ಗದ ಪದರ ಬರುತ್ತದೆ. ಯಾವ ಬಣ್ಣ ಬೇಕಾದರೂ ಸಿಗುತ್ತದೆ. ಬಳಸುವ ಪಿಸ್ತೂಲಿಗೆ ಇದಕ್ಕಿಂತ ಒಳ್ಳೆಯ ಕಲಾಯಿ ಇಲ್ಲ. ಆದರೆ ಬಣ್ಣ ಕಚ್ಚಿಕೊಳ್ಳಬೇಕಾದರೆ ಮೊದಲು ಅಲ್ಯೂಮಿನಿಯಂ ಆಕ್ಸೈಡಿನ ಹರಳುಪುಡಿಯನ್ನು ರಭಸದಿಂದ ಎರಚಿ ಲೋಹವನ್ನು ಒರಟಾಗಿಸಬೇಕು. ಹಳೆಯ ನೀಲಿ, ಹಳೆಯ ಕಂದು, ಹಳೆಯ ಕೈಗಳು ಸವೆಸಿದ ಅಂಚು, ತೆಳುವಾಗಿ ಉಳಿದ ಕೆತ್ತನೆ, ಎಲ್ಲಕ್ಕೂ ಏಟು ಬೀಳುವುದು ಅಲ್ಲಿ. ಸಂಗ್ರಾಹಕರು ಹೊಸದಾಗಿ ಲೇಪಿಸಿದ ಹಳೆಯ ಕೋಲ್ಟಿಗಿಂತ ಬಣ್ಣಗೆಟ್ಟ ಹಳೆಯ ಕೋಲ್ಟಿಗೆ ಹೆಚ್ಚು ಬೆಲೆ ಕೊಡುವುದು ಇದಕ್ಕೇ. ನಮ್ಮಲ್ಲಿ ಇದು ಬರೀ ರುಚಿಯ ಪ್ರಶ್ನೆಯೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ದುರಸ್ತಿ ಮಾಡುವವನಿಗೂ ಪರವಾನಗಿ ಬೇಕು. 8ನೇ ಕಲಮಿನಂತೆ ಅದರ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಪರಾಧ. ಕಾನೂನು ಯಾವುದನ್ನು ಕಾಯುತ್ತದೋ ಅದೇ ನನ್ನಂಥವರಿಗೆ ಆಕರ.

ತುಕ್ಕನ್ನೂ ಕೊಳೆಯನ್ನೂ ಬಿಟ್ಟದ್ದರಿಂದಲೇ ಇತಿಹಾಸ ಉಳಿದ ಉದಾಹರಣೆ ಹತ್ತಿರದಲ್ಲೇ ಇದೆ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹತ್ತಿರ ಪಾಳುಬಾವಿಯ ಹೂಳಿನಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಹೈದರ್-ಟಿಪ್ಪು ಕಾಲದ ರಾಕೆಟ್ಟುಗಳು. ನೋಡಲು ಏನೇನೂ ಅಲ್ಲ, ಗುಜರಿಯವನೂ ಚೌಕಾಸಿ ಮಾಡುವಂಥ ತುಂಡುಗಳು. ಅವು ರಾಕೆಟ್ಟೆಂದು ಖಚಿತವಾಗಲು ನೆರವಾದದ್ದು ಒಳಗೆ ಅಂಟಿಕೊಂಡಿದ್ದ ಮದ್ದಿನ ಶೇಷ, ಪೆಟ್ಲುಪ್ಪು ಮತ್ತು ಇದ್ದಿಲು. ಸಿಕ್ಕ ದಿನವೇ ಯಾರಾದರೂ ಪ್ರೀತಿಯಿಂದ ತೊಳೆದು, ತಿಕ್ಕಿ, ಕಪ್ಪು ಬಳಿದು ಸಾಲಾಗಿ ಜೋಡಿಸಿದ್ದರೆ ಈಗ ನಮ್ಮ ಬಳಿ ಸಾವಿರ ಕಬ್ಬಿಣದ ಕೊಳವೆಗಳಿರುತ್ತಿದ್ದವು.

ಹಾಗಾದರೆ ಬಿಟ್ಟುಬಿಡಬೇಕೇ? ಇಲ್ಲ. ಎರಡನೇ ಸಲ ಅಲ್ಲಿಗೆ ಹೋಗುವ ಮುನ್ನ ಸಂರಕ್ಷಣೆ ಓದಿದ ಗೆಳತಿಯೊಬ್ಬಳನ್ನು ಕೇಳಿದೆ. ಅವಳ ಉತ್ತರದಲ್ಲಿ ಬೆಲೆಬಾಳುವ ವಸ್ತು ಯಾವುದೂ ಇರಲಿಲ್ಲ. ಪೆಟ್ಟಿಗೆಯ ಗಾಜಿನ ಸಂದು ಮುಚ್ಚುವುದು, ಒಳಗೆ ಸಿಲಿಕಾ ಜೆಲ್ಲಿನ ಚೀಲ ಇಟ್ಟು ಮಳೆಗಾಲದಲ್ಲಿ ಆಗಾಗ ಬಿಸಿಮಾಡಿ ಒಣಗಿಸುವುದು, ಬರಿಗೈಯಲ್ಲಿ ಮುಟ್ಟದಿರುವುದು, ಸಡಿಲ ತುಕ್ಕನ್ನಷ್ಟೇ ಮೃದುವಾಗಿ ತೆಗೆದು ತೆಳುವಾಗಿ ಮೇಣ ಸವರುವುದು. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯ ಇದಕ್ಕೆಂದೇ ರೂಪಿಸಿದ ಮೇಣವೊಂದನ್ನು ಲೋಕದ ಸಂಗ್ರಹಾಲಯಗಳೆಲ್ಲ ಬಳಸುತ್ತವೆ. ಇನ್ನೂ ಗಟ್ಟಿ ಬೇಕೆಂದರೆ ಪ್ಯಾರಲಾಯ್ಡ್ ಎಂಬ ರಾಳ, ಅಸಿಟೋನಿನಲ್ಲಿ ಒರೆಸಿದರೆ ಬಿಟ್ಟುಬರುತ್ತದೆ. ಹಾಕಿದ್ದನ್ನು ನಾಳೆ ತೆಗೆಯುವಂತಿರಬೇಕು, ಅವರ ವೃತ್ತಿಯ ಮೊದಲ ಪಾಠ ಅದಂತೆ. ಪಾತ್ರೆಗೆ ಕಲಾಯಿ ಹಾಕುವಾಗ ನಾಳೆಯ ಅಡಿಗೆ ಮುಖ್ಯ. ಗಾಜಿನ ಪೆಟ್ಟಿಗೆಯೊಳಗೆ ಹೋದದ್ದರಿಂದ ಯಾರೂ ಗುಂಡು ಹಾರಿಸುವುದಿಲ್ಲ, ಅದನ್ನು ಓದುತ್ತಾರೆ ಅಷ್ಟೆ.

"ಪೇಂಟ್ ಹೋಗಲಿ ಬಿಡು, ಥಿನ್ನರಿಗೆ ಬರುತ್ತೆ" ಎಂದಳು ಅವಳು. "ಎಮರಿ ಪೇಪರ್ ಎಷ್ಟು ತಿಂದಿದೆ ನೋಡು."

ಆ ಹಿರಿಯರಿಗೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ, ಮೇಣದ ಒಂದು ಡಬ್ಬಿ ಒಯ್ದಿದ್ದೆ. ಅವರು ಮೊದಲು ಮುಜುಗರಪಟ್ಟರು, ಆಮೇಲೆ ಡಬ್ಬಿಯನ್ನು ಮೂಸಿ ನೋಡಿ ಮೇಜಿನ ಖಾನೆಯಲ್ಲಿಟ್ಟರು. ಥಿನ್ನರ್ ಹಾಕುವುದು ನನ್ನ ಕೆಲಸವಲ್ಲ, ಅದಕ್ಕೆ ಇಲಾಖೆಯಿಂದ ತಜ್ಞರು ಬರಬೇಕು ಎಂದು ಹೇಳಿದೆ. ಕಿಟಕಿ ಮುಚ್ಚಿ, ಲೈಟು ಆರಿಸಿ, ನನ್ನ ಮೊಬೈಲಿನ ಟಾರ್ಚನ್ನು ಮೇಜಿಗೆ ಸಮನಾಗಿ ತಗ್ಗಿಸಿ ಓರೆಯಾಗಿ ಹಿಡಿಯಲು ಅವರನ್ನು ಕೇಳಿಕೊಂಡೆ. ನೇರ ಬೆಳಕಿನಲ್ಲಿ ನುಣ್ಣಗೆ ಕಾಣುವ ಮೇಲ್ಮೈ ಓರೆ ಬೆಳಕಿನಲ್ಲಿ ಸುಗ್ಗಿಯ ಗದ್ದೆಯ ಹಾಗೆ ಏರುತಗ್ಗಾಗುತ್ತದೆ.

ಕ್ರಮಸಂಖ್ಯೆ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಅದು ಸಿಕ್ಕಿದ್ದರೆ ಯಾವ ಠಾಣೆಯ ಕೋವಿ ಪಟ್ಟಿಯಲ್ಲಿತ್ತೆಂದು ಹುಡುಕಬಹುದಿತ್ತು. ಒತ್ತಿದ ಅಂಕಿ ಮೇಲೆ ಅಳಿದರೂ ಅಡಿಯ ಲೋಹದಲ್ಲಿ ಒತ್ತಡದ ಗುರುತು ಉಳಿದಿರುತ್ತದೆ. ಅಪರಾಧ ಪತ್ತೆಯ ಪ್ರಯೋಗಾಲಯದವರು ಆಮ್ಲ ಹಚ್ಚಿ ಅದನ್ನು ಮೇಲೆತ್ತಬಲ್ಲರು. ಆದರೆ ಆಮ್ಲ ಮತ್ತಷ್ಟು ಲೋಹ ತಿನ್ನುತ್ತದೆ. ಒಂದು ಅಡಿಟಿಪ್ಪಣಿಗಾಗಿ ಅದನ್ನು ಕೇಳುವುದೇ ಬೇಡವೇ ಎಂದು ನಾನಿನ್ನೂ ನಿರ್ಧರಿಸಿಲ್ಲ.

ಚೌಕಟ್ಟಿನ ಮೇಲೆ ಟಾರ್ಚು ಸರಿದಾಗ ಅವರೇ ಮೊದಲು ಕಂಡರು. "ಇಲ್ಲಿ ಏನೋ ಇದೆ ಮೇಡಂ." ಮೊದಲ ಪದದಲ್ಲಿ ಕೊನೆಯ ಅಕ್ಷರ ಮಾತ್ರ ಉಳಿದಿದೆ. ಎರಡನೆಯ ಪದದ ಮೊದಲ ಮೂರು ಅಕ್ಷರ ಪೇಂಟಿನ ಕೆಳಗೆ ಸ್ಪಷ್ಟವಾಗಿ ಮೂಡಿವೆ: ಎಫ್, ಐ, ಎನ್. ಆಮೇಲೆ ಎಮರಿ ಪೇಪರಿನ ನುಣುಪು.

ಅದರ ಅರ್ಥ ಹೇಳಿದೆ. ಇದು ಎರಡನೇ ಮಹಾಯುದ್ಧದ್ದು, ಅಸಹಕಾರ ಚಳವಳಿಗೂ ಇದಕ್ಕೂ ಸಂಬಂಧ ಇರಲಾರದು ಎಂದೆ. ಅವರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು.

"ಬೋರ್ಡು ಬರೆದವನೂ ಅದೇ ಪೇಂಟರ್ರೇ" ಎಂದರು. ಆಮೇಲೆ ಬೀರುವಿನಿಂದ ಉದ್ದನೆಯ ದಾಖಲೆ ಪುಸ್ತಕ ತೆಗೆದು, ಆ ವಸ್ತುವಿನ ಸಾಲು ಹುಡುಕಿ, ಷರಾ ಎಂಬ ಅಂಕಣದಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದರು. ಬಣ್ಣ ಹೊಡೆಸಿದ ತಿಂಗಳು, ಇಸವಿ ಬರೆದರು. ಟಿಂಕರಿಂಗ್ ಅಂಗಡಿಯ ಹೆಸರು ಬರೆದರು. ಓರೆ ಬೆಳಕಿನಲ್ಲಿ ಕಂಡ ನಾಲ್ಕು ಅಕ್ಷರಗಳನ್ನು ನನ್ನಿಂದ ಕೇಳಿ ಒಂದೊಂದಾಗಿ ಬರೆದರು. ಟಾರ್ಚು ಇನ್ನೂ ಉರಿಯುತ್ತಿತ್ತು.